ಬೆಕ್ಕಿಗೆ ಗಂಟೆ ಕಟ್ಟಿದರು, ಗಂಟೆಗೆ ರಾಗ ಹಾಕಿದರು

ಕಾರು ಸದ್ದು ಮಾಡುತ್ತದೆ ಎಂದು ನೂರು ವರ್ಷ ಬೈದೆವು. ಈಗ ಸದ್ದೇ ಮಾಡುವುದಿಲ್ಲ ಎಂದು ಬೈಯುತ್ತಿದ್ದೇವೆ. ಕಾರು ಮಾಡುವ ಎಂಜಿನಿಯರುಗಳ ಪಾಡು ಶತ್ರುವಿಗೂ ಬೇಡ. ಪಾಪ, ಸೈಲೆನ್ಸರ್ ಹಾಕಿದರು. ಅಲುಗಾಡುವ ಕಡೆಯೆಲ್ಲ ರಬ್ಬರ್ ಕೂರಿಸಿದರು. ಬಾಗಿಲ ಸಂದಿಯನ್ನೂ ಬಿಡದೆ ಬೀಡಿಂಗ್ ಕೊಟ್ಟರು. ಗಂಟೆಗೆ 60 ಮೈಲಿ ವೇಗದಲ್ಲೂ ನಮ್ಮ ಕಾರಿನೊಳಗೆ ಕೇಳುವ ದೊಡ್ಡ ಸದ್ದು ಗಡಿಯಾರದ್ದೇ ಎಂದು ರೋಲ್ಸ್ ರಾಯ್ಸ್‌ನವರು 1958ರಲ್ಲಿ ಜಾಹೀರಾತು ಕೊಟ್ಟು ಮೀಸೆ ತಿರುವಿದ್ದರು. ಕೊನೆಗೆ ಎಂಜಿನ್ನನ್ನೇ ಕಿತ್ತು ಹಾಕಿ ಎಲೆಕ್ಟ್ರಿಕ್ ಮೋಟಾರ್ ಇಟ್ಟರು. ಅಬ್ಬಾ, ಗೆದ್ದೆವು ಎಂದು ಕೂತರು. ಅಷ್ಟರಲ್ಲಿ ಕಾನೂನು ಬಂತು. ಬಂಪರ್ ಹಿಂದೆ ಒಂದು ಸ್ಪೀಕರ್ ಇಡಿ, ಕೂಗಿಸಿ!

ನಿಯಮ ಓದಿದರೆ ಇನ್ನೂ ಮಜಾ. ಯುರೋಪಿನಲ್ಲಿ 2019ರ ಜುಲೈ 1ರಿಂದ ಹೊಸ ಮಾದರಿಗಳಿಗೆ, 2021ರ ಜುಲೈ 1ರಿಂದ ಎಲ್ಲ ಹೊಸ ಎಲೆಕ್ಟ್ರಿಕ್ ಕಾರುಗಳಿಗೆ ಈ ಸ್ಪೀಕರ್ ಕಡ್ಡಾಯ. ಗಂಟೆಗೆ 20 ಕಿಲೋಮೀಟರ್ ತನಕ ಸದ್ದು ಬರಬೇಕು, ರಿವರ್ಸ್‌ನಲ್ಲೂ ಬರಬೇಕು. 20ರ ವೇಗದಲ್ಲಿ ಕನಿಷ್ಠ 56 ಡೆಸಿಬೆಲ್ ಇರಬೇಕು, 75 ದಾಟಬಾರದು. ವೇಗ ಏರಿದ ಹಾಗೆ ಶ್ರುತಿಯೂ ಏರಬೇಕು. ಎಲ್ಲಕ್ಕಿಂತ ಮೇಲಾದದ್ದು ಇನ್ನೊಂದಿದೆ. ಆ ಸದ್ದು ಅದೇ ದರ್ಜೆಯ ಪೆಟ್ರೋಲ್, ಡೀಸೆಲ್ ಗಾಡಿಯ ಸದ್ದಿನ ಹಾಗಿರಬೇಕಂತೆ. ಎಂಜಿನ್ ಬೇಡ, ಎಂಜಿನ್ನಿನ ಮಿಮಿಕ್ರಿ ಬೇಕು.

ಇಷ್ಟಕ್ಕೇ ನಕ್ಕು ಸುಮ್ಮನಾಗೋಣ ಎಂದರೆ ಆಗುವುದಿಲ್ಲ, ಯಾಕೆಂದರೆ ಸದ್ದು ಬೇಕೆಂದು ಕೇಳಿದವರ ಕಾರಣ ನೂರಕ್ಕೆ ನೂರು ಸರಿ. ಬಿಳಿ ಕೋಲು ಹಿಡಿದು ರಸ್ತೆಯ ಅಂಚಿನಲ್ಲಿ ನಿಂತವರಿಗೆ ಕಿವಿಯೇ ಕಣ್ಣು. ಗಾಡಿ ಎಡದಿಂದ ಬಂತೋ ಬಲದಿಂದಲೋ, ನಿಂತೇ ಇದೆಯೋ ಹೊರಟಿತೋ, ತಿರುಗುತ್ತಿದೆಯೋ ನೇರ ಹೋಗುತ್ತಿದೆಯೋ, ಎಲ್ಲವನ್ನೂ ಅವರು ಸದ್ದಿನಲ್ಲೇ ಓದುತ್ತಾರೆ. ವೇಗವಾಗಿ ಹೋಗುವ ಕಾರಿನ ತೊಂದರೆ ಇಲ್ಲ, ಟೈರು ರಸ್ತೆಗೆ ಉಜ್ಜುವ ಸದ್ದೇ ಜೋರಾಗಿರುತ್ತದೆ. ಮೆಲ್ಲಗೆ ತೆವಳಿಕೊಂಡು ಬರುವ ಕಾರಿನದೇ ಭಯ. ಅಮೆರಿಕದಲ್ಲಿ ಕಣ್ಣು ಕಾಣದವರ ಸಂಘಟನೆಗಳು ಪಟ್ಟು ಹಿಡಿದು ಕೇಳಿದ ಮೇಲೆ 2010ರಲ್ಲಿ ಅಲ್ಲಿನ ಸಂಸತ್ತು ಇದಕ್ಕೊಂದು ಕಾಯ್ದೆ ಪಾಸು ಮಾಡಿತು. ಅವರು ಕೇಳಿದ್ದು ಬೆಕ್ಕಿಗೆ ಒಂದು ಗಂಟೆ, ಅಷ್ಟೇ. ಗಂಟೆ ಕಟ್ಟುವ ಕೆಲಸ ಯಾರ ಕೈಗೆ ಹೋಯಿತು ಎಂದರೆ, ಬೆಕ್ಕಿನ ಮಾರ್ಕೆಟಿಂಗ್ ವಿಭಾಗಕ್ಕೆ.

ಅಲ್ಲಿಂದ ಮುಂದೆ ನಡೆದದ್ದೆಲ್ಲ ಸಂಗೀತ ಕಛೇರಿ. ಬಿಎಂಡಬ್ಲ್ಯೂನವರು ಹಾಲಿವುಡ್‌ನ ಸಂಗೀತ ನಿರ್ದೇಶಕ ಹ್ಯಾನ್ಸ್ ಜಿಮ್ಮರ್ ಅವರನ್ನೇ ಕರೆಸಿ ತಮ್ಮ ಎಲೆಕ್ಟ್ರಿಕ್ ಕಾರುಗಳಿಗೆ ನಾದ ಕಟ್ಟಿಸಿದರು. ಆಸ್ಕರ್ ಗೆದ್ದವರ ಆಲಾಪ ಕೇಳಿಸುವ ಕಾರು, ಕಡಿಮೆ ಭಾಗ್ಯವೇ? ಜಾಗ್ವಾರ್‌ನವರ ಕಥೆ ನನಗೆ ಇನ್ನೂ ಇಷ್ಟ. ಅವರು ಐ-ಪೇಸ್ ಕಾರಿಗೆ ಮೊದಲು ಬಾಹ್ಯಾಕಾಶ ನೌಕೆಯ ಥರದ ಸದ್ದು ಮಾಡಿ ಪರೀಕ್ಷಿಸಿದರು. ಕಾರು ಹತ್ತಿರ ಬಂದಾಗ ಜನ ರಸ್ತೆ ನೋಡಲಿಲ್ಲ, ಕತ್ತೆತ್ತಿ ಆಕಾಶ ನೋಡಿದರು! ಜನರ ಬುದ್ಧಿಯನ್ನು ಮೆಚ್ಚಬೇಕು. ನೌಕೆ ಮೇಲಿನಿಂದಲೇ ಬರಬೇಕಲ್ವಾ? ಜಾಗ್ವಾರ್‌ನವರಿಗೆ ಆಮೇಲೆ ನೆಲದ ಮೇಲಿನ ಸದ್ದೊಂದನ್ನು ಹುಡುಕಬೇಕಾಯಿತು. ಒಂದು ದೊಡ್ಡ ಕಂಪನಿ, ಅಷ್ಟು ಜನ ಶಬ್ದ ತಜ್ಞರು, ಕಾರಿನ ಸದ್ದು ಕಾರಿನ ಹಾಗಿರಬೇಕು ಎಂದು ತಿಳಿಯಲು ಪ್ರಯೋಗವೇ ಬೇಕಾಯಿತು.

ಟೆಸ್ಲಾದವರು ಇನ್ನೂ ಒಂದು ಹೆಜ್ಜೆ ಮುಂದೆ. ಹೊರಗಿನ ಸ್ಪೀಕರ್ ಹೇಗೂ ಇದೆ, ಸುಮ್ನೆ ಯಾಕೆ ಬಿಡಬೇಕು ಎಂದು ಅದರಲ್ಲಿ ಆಡು ಕೂಗುವ ಸದ್ದು, ಚಪ್ಪಾಳೆ, ಇನ್ನೂ ಮುಂದೆ ಹೋಗಿ ಹೂಸಿನ ಸದ್ದು ಕೂಡ ಹಾಕಲು ಅವಕಾಶ ಕೊಟ್ಟರು. ಎಚ್ಚರಿಕೆಯ ಸದ್ದು ಈ ಗಲಾಟೆಯಲ್ಲಿ ಮುಚ್ಚಿಹೋಗುತ್ತದೆ ಎಂದು ಅಮೆರಿಕದ ಸುರಕ್ಷತಾ ಇಲಾಖೆ ತಕರಾರು ತೆಗೆಯಿತು. 2022ರ ಫೆಬ್ರವರಿಯಲ್ಲಿ 5 ಲಕ್ಷ 78 ಸಾವಿರಕ್ಕೂ ಜಾಸ್ತಿ ಕಾರುಗಳು ರೀಕಾಲ್ ಆದವು. ಹೂಸಿನ ಕಾರಣಕ್ಕೆ ಐದು ಲಕ್ಷ ಕಾರು! ನಮ್ಮ ತಾತಂದಿರಿಗೆ ಹೇಳಿದ್ದರೆ ಕಪಾಳಕ್ಕೆ ಬಾರಿಸುತ್ತಿದ್ದರು. ಕಂಪನಿಯ ಮುಖ್ಯಸ್ಥ ಇಲಾನ್ ಮಸ್ಕ್ ಅವರು ಇದೆಲ್ಲ ಮೋಜಿಗೆ ಅಡ್ಡಬರುವ ಪೊಲೀಸರ ಕೆಲಸ ಎಂದು ಟ್ವೀಟ್ ಮಾಡಿ ನಿಟ್ಟುಸಿರು ಬಿಟ್ಟರು. ಕಣ್ಣು ಕಾಣದವರು ಬೀದಿಯಲ್ಲಿ ಜೀವ ಉಳಿಸಿಕೊಳ್ಳುವುದು, ನೋಡಿ, ಮೋಜಿಗೆ ಅಡ್ಡಿ.

ಈ ಮಧ್ಯೆ ಅಮೆರಿಕದಲ್ಲಿ ಇನ್ನೊಂದು ಪ್ರಸ್ತಾಪ ಇತ್ತು. ಎಚ್ಚರಿಕೆಯ ಸದ್ದನ್ನು ರಿಂಗ್‌ಟೋನ್ ಥರ ಮಾಲೀಕನೇ ಆರಿಸಿಕೊಳ್ಳಲಿ ಎಂದು. 2022ರಲ್ಲಿ ಸರ್ಕಾರ ಬೇಡ ಎಂದಿತು. ದೊಡ್ಡ ಉಪಕಾರ.

ನನ್ನದೊಂದು ಹಳೆಯ ಸಲಹೆ ಇದೆ. ನನ್ನದಲ್ಲ, ಬ್ರಿಟಿಷರದು. 1865ರಲ್ಲಿ ಅವರು ಒಂದು ಕಾಯ್ದೆ ಮಾಡಿದ್ದರು. ತಾನಾಗಿ ಓಡುವ ಗಾಡಿಯ 60 ಗಜ ಮುಂದೆ ಒಬ್ಬ ಮನುಷ್ಯ ಕೆಂಪು ಬಾವುಟ ಹಿಡಿದು ನಡೆಯಬೇಕು. ಊರೊಳಗೆ ಗಂಟೆಗೆ 2 ಮೈಲಿ, ಹೊರಗೆ 4 ಮೈಲಿ. ಎಲ್ಲರೂ ಆ ಕಾಯ್ದೆಯನ್ನು ಹಾಸ್ಯ ಮಾಡುತ್ತಾರೆ. ನನಗಂತೂ ಅದರಲ್ಲಿ ಒಂದು ಮರ್ಯಾದೆ ಕಾಣುತ್ತದೆ. ಅಪಾಯ ತಂದವನೇ ಖರ್ಚು ಮಾಡಿ, ಆಳು ಇಟ್ಟು, ದಾರಿಯಲ್ಲಿ ಹೋಗುವವರಿಗೆ ಹೇಳಬೇಕಿತ್ತು. ದಾರಿಯಲ್ಲಿ ಹೋಗುವವನು ಕಿವಿ ನಿಮಿರಿಸಿಕೊಂಡು ನಡೆಯಬೇಕಿರಲಿಲ್ಲ. ಬಾವುಟದವನಿಗೆ ಸಂಬಳ ಇತ್ತು, ಹೊಟ್ಟೆಗೆ ಹಿಟ್ಟಿತ್ತು. ಆಡಿನ ಹಾಗೆ ಕೂಗುವ ಸ್ಪೀಕರ್‌ಗಿಂತ ಅವನೇ ಎಷ್ಟೋ ವಾಸಿ. ನಾಲ್ಕು ಹೆಜ್ಜೆ ಇಟ್ಟ ಮೇಲೆ ಯಾರನ್ನಾದರೂ ನೋಡಿ ನಗುತ್ತಲೂ ಇದ್ದ ಅನಿಸುತ್ತದೆ. 1896ರಲ್ಲಿ ಅವನನ್ನು ಮನೆಗೆ ಕಳಿಸಿದರು. ಅಲ್ಲಿಂದ ಎಚ್ಚರಿಕೆಯ ಗುತ್ತಿಗೆ ನಡೆಯುವವನಿಗೆ.

ಎಚ್ಚರಿಕೆಗಷ್ಟೇ ಅಲ್ಲ, ಶೋಕಿಗೂ ಸದ್ದು ಬೇಕು ಎನ್ನುವವರಿದ್ದಾರೆ. ಎಂಜಿನ್ ಇಲ್ಲದ ಬೇಸರಕ್ಕೆ ಹ್ಯುಂಡೈನವರ ಐಯಾನಿಕ್ 5 ಎನ್ ಸುಳ್ಳು ಎಂಜಿನ್ ಸದ್ದು, ಸುಳ್ಳು ಗೇರ್ ಜರ್ಕು ಕೊಡುತ್ತದೆ. ಗೇರೇ ಇಲ್ಲದ ಕಡೆ ಗೇರ್ ಬದಲಾಯಿಸಿದ ಸುಖ. ಡಾಡ್ಜ್ ಕಂಪನಿ 2022ರಲ್ಲಿ ತೋರಿಸಿದ ಚಾರ್ಜರ್ ಎಂಬ ಎಲೆಕ್ಟ್ರಿಕ್ ಕಾರಿಗೆ 126 ಡೆಸಿಬೆಲ್ ಕೃತಕ ಸದ್ದು ಎಂದು ಹೆಮ್ಮೆಯಿಂದ ಸಾರಿತು. ಯುರೋಪಿನ ಎಚ್ಚರಿಕೆ ಸದ್ದಿಗೆ 75 ಮಿತಿ, ಇಲ್ಲಿ ಶೋಕಿಗೆ 126. ಅದು ಎದುರು ನಿಂತವನಿಗೆ ಎಚ್ಚರಿಕೆಯಲ್ಲ, ಬೆದರಿಕೆ.

ಸಾಕಾಯಿತು, ನಗುವುದಕ್ಕೂ ಬೇಜಾರು. ಕಣ್ಣು ಕಾಣದವರು ಮೆಲ್ಲಗೆ ಬರುವ ಕಾರಿಗೆ ಒಂದು ಸಾದಾ ಸದ್ದು ಬೇಕು ಎಂದಿದ್ದರು, ಅಷ್ಟೇ. ಗಾಡಿ ಸಿಗ್ನಲ್‌ನಲ್ಲಿ ನಿಂತಾಗಲೂ ಅಲ್ಲಿದೆ ಎಂದು ತಿಳಿಯುವುದು ಅವರಿಗೆ ಮುಖ್ಯ. ಅಮೆರಿಕದ ನಿಯಮ ಗಾಡಿ ನಿಂತಿದ್ದರೂ ಸದ್ದು ಬೇಕು ಎನ್ನುತ್ತದೆ, ಯುರೋಪಿನದು ಎನ್ನುವುದಿಲ್ಲ. ನಿಂತ ಕಾರು ಮೌನ. ಹೊರಟಾಗ ತಿಳಿಯುತ್ತದೆ, ಎದುರು ಕಾಲಿಟ್ಟಾದ ಮೇಲೆ. ಇದರ ಮೇಲೆ ಯಾರೂ ಪ್ರೆಸ್‌ಮೀಟ್ ಮಾಡಿದ್ದು ಕಾಣೆ. ಕಾರಿನ ಒಳಗೆ ಟಿವಿಯಷ್ಟು ದೊಡ್ಡ ಪರದೆ ಕೂರಿಸಿದ್ದಾರೆ. ಎಸಿ ಜಾಸ್ತಿ ಮಾಡಬೇಕಾದರೂ ಚಾಲಕ ರಸ್ತೆ ಬಿಟ್ಟು ಅದನ್ನು ನೋಡಬೇಕು. ಆ ಪರದೆಯ ಬಗ್ಗೆ ಕೇಳಬೇಡಿ, ಅದು ಸೌಲಭ್ಯ. ಗುದ್ದಿದ ಮೇಲೆ ಮಾತ್ರ ಒಂದೇ ಪ್ರಶ್ನೆ: ಸದ್ದು ಬರುತ್ತಿತ್ತಲ್ಲ, ನಿಮಗೆ ಕೇಳಿಸಲಿಲ್ವಾ?

ಯುರೋಪಿನ 2014ರ ಮೂಲ ನಿಯಮದಲ್ಲಿ ಈ ಎಚ್ಚರಿಕೆ ಸದ್ದನ್ನು ನಿಲ್ಲಿಸಲು ಒಂದು ಸ್ವಿಚ್ ಕೂಡ ಇತ್ತು. ಇಟ್ಟಿದ್ದು ಎಲ್ಲಿ ಗೊತ್ತಾ? ಚಾಲಕನ ಕೈಗೆ ಸುಲಭವಾಗಿ ಎಟಕುವ ಕಡೆ. ನಿಯಮದಲ್ಲಿ ಬರೆದೇ ಇತ್ತು. 2017ರಲ್ಲಿ ತಪ್ಪು ಗೊತ್ತಾಗಿ ಅದನ್ನು ತೆಗೆದರು. ಮೂರು ವರ್ಷ ಬೇಕಾಯಿತು.