ಇಪ್ಪತ್ತೈದು ಸೆಂಟಿನ ಅರಮನೆ

ಕಳೆದ ಭಾನುವಾರ ನಾವು ಜರ್ಮನಿಯ ನೊಯ್‌ಶ್ವಾನ್‌ಸ್ಟೈನ್ ಅರಮನೆಯನ್ನು ಹೊರಗಿನಿಂದ ನೋಡಿಬಂದೆವು. ಒಳಗೇಕೆ ಹೋಗಲಿಲ್ಲವೆಂದು ಮೈಸೂರಿನಿಂದ ಫೋನು ಮಾಡಿದವರೆಲ್ಲ ಕೇಳುತ್ತಿದ್ದಾರೆ; ದೊಡ್ಡಪ್ಪನವರು ಪಕ್ಕದಲ್ಲೇ ಕುಳಿತಿರುವುದರಿಂದ "ಜನ ಬಹಳ ಇದ್ದರು" ಎಂದು ಹೇಳಿ ಹಲ್ಲು ಕಚ್ಚಿಕೊಳ್ಳುತ್ತಿದ್ದೇನೆ. ನಿಜವಾದ ಕಾರಣ ಖಾಲಿ ಬಾಟಲಿ.

ಜರ್ಮನಿಯಲ್ಲಿ ಒಂದೇ ಸಲ ಬಳಸುವ ಪ್ಲಾಸ್ಟಿಕ್ ಬಾಟಲಿಯ ನೀರು ಕೊಳ್ಳುವಾಗ 25 ಸೆಂಟ್ ಠೇವಣಿ ಕಟ್ಟಬೇಕು. ಖಾಲಿ ಬಾಟಲಿಯನ್ನು ಸೂಪರ್‌ಮಾರ್ಕೆಟ್ಟಿನ ಯಂತ್ರದ ಬಾಯಿಗೆ ಕೊಟ್ಟರೆ ಆ ಹಣ ಮರಳಿ ಬರುತ್ತದೆ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಕ್ಕ ತಾಳೆ ಹಾಕಿ ನಿವೃತ್ತರಾದ ದೊಡ್ಡಪ್ಪನವರಿಗೆ ಈ ವಿಷಯ ಹೇಳಿದ್ದು ನನ್ನದೇ ತಪ್ಪು. ಅಂದಿನಿಂದ ಅವರ ಕಣ್ಣಿಗೆ ಮ್ಯೂನಿಕ್ಕಿನ ಪ್ರತಿಯೊಂದು ಕಸದ ಬುಟ್ಟಿಯೂ ವಾರಸುದಾರರಿಲ್ಲದ ಉಳಿತಾಯ ಖಾತೆಯಂತೆ ಕಾಣುತ್ತಿದೆ.

ಮ್ಯೂನಿಕ್ಕಿನಿಂದ ಫ್ಯೂಸೆನ್ ಪಟ್ಟಣಕ್ಕೆ ರೈಲಿನಲ್ಲಿ ಎರಡು ಗಂಟೆ, ಅಲ್ಲಿಂದ ಹೋಹೆನ್‌ಶ್ವಾಂಗೌ ಹಳ್ಳಿಗೆ ಬಸ್ಸು, ಆಮೇಲೆ ಸುಮಾರು ಮುಕ್ಕಾಲು ಗಂಟೆಯ ಏರುದಾರಿ. ಟಿಕೆಟ್ಟಿನ ಮೇಲೆ ಪ್ರವೇಶದ ಸಮಯ 12.25 ಎಂದು ಅಚ್ಚಾಗಿತ್ತು. ಆ ಹೊತ್ತು ಮೀರಿದರೆ ಟಿಕೆಟ್ಟು ಬರೀ ಕಾಗದ. ಅದಕ್ಕೇ ಒಂದು ಗಂಟೆ ಮುಂಚೆಯೇ ಹತ್ತತೊಡಗಿದೆವು. ಮಂಡಿನೋವಿನ ದೊಡ್ಡಮ್ಮ ಎಲ್ಲರಿಗಿಂತ ಮುಂದೆ ನಡೆದರು. ದೊಡ್ಡಪ್ಪನವರು ಮಾತ್ರ, ಚಾಮುಂಡಿಬೆಟ್ಟಕ್ಕೆ ಹರಕೆ ಹೊತ್ತವರು ಮೆಟ್ಟಿಲು ಮೆಟ್ಟಿಲಿಗೂ ಬಗ್ಗಿ ಕುಂಕುಮ ಹಚ್ಚುವ ಹಾಗೆ, ಬುಟ್ಟಿ ಬುಟ್ಟಿಗೂ ಬಗ್ಗಿ ಬಗ್ಗಿ ಬರುತ್ತಿದ್ದರು. "ದೊಡ್ಡಪ್ಪ, ಹೊತ್ತಾಯಿತು" ಎಂದರೆ "ಬಂದೆ ಕಣೋ, ಇದೊಂದು" ಎನ್ನುವರು. ಮದುವೆಯೊಂದರಲ್ಲಿ ಸಿಕ್ಕಿದ್ದ ತಾಂಬೂಲದ ಚೀಲ ತುಂಬಿದ ಮೇಲೆ ಅವರಿಗೊಂದು ಉಪಾಯ ಹೊಳೆಯಿತು: ಬಾಟಲಿಯನ್ನು ರಸ್ತೆಯ ಮೇಲಿಟ್ಟು, ನನ್ನ ಭುಜ ಹಿಡಿದುಕೊಂಡು, ಬೂಟುಗಾಲಿನಿಂದ ಪಟ್ಟೆಂದು ತುಳಿಯುವುದು. ಪ್ರವಾಸಿಗಳ ಸಾರೋಟು ಎಳೆಯುತ್ತಿದ್ದ ಕುದುರೆಗಳೆರಡು ಆ ಸದ್ದಿಗೆ ಕಿವಿ ನಿಮಿರಿಸಿದವು. ಸಾರೋಟಿನವನು ಇಲ್ಲಿನ ಬವೇರಿಯ ಪ್ರಾಂತ್ಯದ ಆಡುಮಾತಿನಲ್ಲಿ ಅಂದದ್ದು ನನಗೆ ಅರ್ಥವಾಗಲಿಲ್ಲ, ಆಗದಿದ್ದುದೇ ಒಳ್ಳೆಯದಾಯಿತು. ಚಪ್ಪಟೆಯಾದ ಬಾಟಲಿಯನ್ನು ಯಂತ್ರ ಒಪ್ಪುವುದಿಲ್ಲವೆಂಬುದು ನನಗೆ ಆಗಲೇ ಗೊತ್ತಿತ್ತು, ಆದರೂ ಹೇಳಲಿಲ್ಲ. ಅಷ್ಟು ಸಿಟ್ಟು ಬಂದಿತ್ತು.

ಬಾಗಿಲು ತಲುಪಿದಾಗ 12.29. ಅಲ್ಲಿದ್ದ ಹುಡುಗಿ ನಗುತ್ತಲೇ ಗಡಿಯಾರದ ಕಡೆಗೆ ಕೈ ತೋರಿಸಿದಳು. ಅಂದಿನ ಉಳಿದ ಟಿಕೆಟ್ಟುಗಳೆಲ್ಲ ಮುಗಿದಿದ್ದವು.

ಗೋಡೆಯ ಪಕ್ಕದಲ್ಲಿ ಕುಳಿತು ಚಪಾತಿ ತಿನ್ನುತ್ತಾ, ಒಳಗಿರುವುದನ್ನು ನಾನು ಓದಿದಷ್ಟು ವರ್ಣಿಸಿದೆ. ನೋಡಲು ಯಾವ ಕಾಲದ್ದೋ ಎನ್ನಿಸುವ ಈ ಅರಮನೆಗೆ ಅಡಿಗಲ್ಲು ಬಿದ್ದದ್ದು 1869ರಲ್ಲಿ ಎಂದಾಗ, "ಹಾಗಾದರೆ ನಮ್ಮ ಮೈಸೂರು ಅರಮನೆಗಿಂತ ಬಹಳವೇನೂ ಹಳೆಯದಲ್ಲ" ಎಂದು ದೊಡ್ಡಪ್ಪನವರು ಸಮಾಧಾನಪಟ್ಟುಕೊಂಡರು. ಸಿಂಹಾಸನದ ಸಭಾಂಗಣದಲ್ಲಿ ಸಿಂಹಾಸನವೇ ಇಲ್ಲ, ಅದು ತಯಾರಾಗುವ ಮೊದಲೇ ದೊರೆ ತೀರಿಕೊಂಡ ಎಂದಾಗ ಮಾತ್ರ ದೊಡ್ಡಮ್ಮ ಕೈಯಲ್ಲಿದ್ದ ಚಪಾತಿಯನ್ನು ಕೆಳಗಿಟ್ಟರು. ಜನರ ಕಣ್ಣು ತಪ್ಪಿಸಿ ಇರಲೆಂದು ಇದನ್ನು ಕಟ್ಟಿಸಿದ ಬವೇರಿಯದ ದೊರೆ ಎರಡನೆಯ ಲುಡ್ವಿಗ್ ಇಲ್ಲಿ ಕಳೆದದ್ದು ಒಟ್ಟು 172 ದಿನ. 1886ರ ಜೂನಿನಲ್ಲಿ ಅವನು ಸರೋವರವೊಂದರಲ್ಲಿ ಹೆಣವಾಗಿ ಸಿಕ್ಕ ಏಳೇ ವಾರಕ್ಕೆ ಇಲ್ಲಿ ಜನರಿಗೆ ಟಿಕೆಟ್ಟು ಮಾರತೊಡಗಿದರು. ಒಳಗೆ ಹೋದ ಗುಂಪಿನ ಗದ್ದಲ ಮೇಲಿನ ಕಿಟಕಿಯಿಂದ ಕೇಳುತ್ತಿತ್ತು. ಸ್ವಲ್ಪ ಹೊತ್ತು ನಾವು ಮೂವರೂ ಮಾತಾಡಲಿಲ್ಲ.

ಫ್ಯೂಸೆನ್ನಿನ ಹಳೆಯ ಕೋಟೆಯ ಅಂಗಳದಲ್ಲಿ ಗೋಡೆಯ ಮೇಲೆ ಬಣ್ಣದಲ್ಲೇ ಬರೆದ ಕಿಟಕಿಗಳಿವೆ. "ಮರದ ಖರ್ಚು ಉಳಿಸಿದ್ದಾರೆ" ಎಂದು ದೊಡ್ಡಪ್ಪನವರು ಮೆಚ್ಚಿದರು. ಭಾನುವಾರವಾದ್ದರಿಂದ ಸೂಪರ್‌ಮಾರ್ಕೆಟ್ಟುಗಳೂ ಅವುಗಳೊಳಗಿನ ಯಂತ್ರಗಳೂ ಬೀಗದ ಹಿಂದಿದ್ದವು. ರೈಲು ನಿಲ್ದಾಣದಲ್ಲಿ, ಹೆಚ್ಚುಕಡಿಮೆ ಅವರದೇ ವಯಸ್ಸಿನ ಹೆಂಗಸೊಬ್ಬರು ಕಸದ ಬುಟ್ಟಿಗೆ ಕೈ ಹಾಕಿ ಬಾಟಲಿ ಹುಡುಕುತ್ತಿದ್ದರು. ದೊಡ್ಡಪ್ಪನವರು ತುಸು ಹೊತ್ತು ನೋಡಿದರು, ಆಮೇಲೆ ಎದ್ದು ಹೋಗಿ ಚೀಲವನ್ನೇ ಅವರ ಕೈಗಿಟ್ಟರು. ಆಕೆ ಹತ್ತೊಂಬತ್ತು ಬಾಟಲಿಗಳನ್ನೂ ಒಂದೊಂದಾಗಿ ತಿರುವಿ ನೋಡಿ, ತುಳಿಯದೆ ಉಳಿದಿದ್ದ ನಾಲ್ಕನ್ನು ಇಟ್ಟುಕೊಂಡು, ಮಿಕ್ಕವನ್ನು ಚೀಲದ ಸಮೇತ ವಂದನೆ ಹೇಳಿ ಹಿಂದಿರುಗಿಸಿದರು.

ರೈಲು ಹೊರಟ ಮೇಲೆ ದೊಡ್ಡಪ್ಪನವರು ಒಂದು ಚಪ್ಪಟೆ ಬಾಟಲಿಯನ್ನು ಬಾಯಿಗೆ ಹಚ್ಚಿ ಊದತೊಡಗಿದರು. "ಅಯ್ಯೋ, ಯಾರದೋ ಎಂಜಲು!" ಎಂದು ದೊಡ್ಡಮ್ಮ ಕೂಗಿದ್ದಕ್ಕೆ ಇಡೀ ಡಬ್ಬಿ ನಮ್ಮತ್ತ ತಿರುಗಿತು. ಅವರು ಬಾಟಲಿಯನ್ನು ಕೆಳಗಿಳಿಸಿ, ತುಟಿ ಒರೆಸಿಕೊಂಡು, ತಗ್ಗಿದ ದನಿಯಲ್ಲಿ ನನ್ನನ್ನು ಕೇಳಿದರು:

"ನಿಮ್ಮ ಮನೆಯಲ್ಲಿ ಸೈಕಲ್ ಪಂಪು ಇದೆಯೇನೋ?"