ಹಂದಿ ತಿನ್ನಲು ಹೋಗಿ ಕೋಸು ತಿಂದು ಬಂದೆ

ಜಪಾನಿಗೆ ಹೋಗಿ ಬಂದವರನ್ನು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಹಸಿ ಮೀನು ತಿಂದ್ಯಾ?" ತಿಂದೆ. ಚೆನ್ನಾಗಿತ್ತು. ಅದರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯಲು ಕೂತಿರುವುದು ಹಸಿ ಕೋಸಿನ ಬಗ್ಗೆ. ನಗಬೇಡಿ.

ಟೋಕಿಯೊದ ಮೆಗುರೊ ಸ್ಟೇಷನ್ ಹತ್ತಿರ ತೊಂಕಿ ಅಂತ ಒಂದು ಹೋಟೆಲಿದೆ. 1939ರಿಂದ ನಡೆಯುತ್ತಿದೆ. ಅಲ್ಲಿ ಮಾಡುವುದು ತೊಂಕತ್ಸು. ಹಂದಿಮಾಂಸದ ದಪ್ಪ ತುಂಡಿಗೆ ಹಿಟ್ಟು, ಮೊಟ್ಟೆ, ಬ್ರೆಡ್ಡಿನ ತರಿ ಹಚ್ಚಿ ಕರಿಯುತ್ತಾರೆ. ನಾನು ಮೂಡಿಗೆರೆ ಕಡೆಯವನು. ಹಂದಿ ಸಾರು, ಅಕ್ಕಿ ಕಡುಬು ತಿಂದು ಬೆಳೆದವನು. ಹಂದಿ ಎಲ್ಲಿ ಚೆನ್ನಾಗಿ ಮಾಡುತ್ತಾರೆ ಅಂದರೂ ಹೋಗುವವನೇ.

ಮೊದಲ ಸಲ ಹೋದಾಗ ಬಾಗಿಲು ಹಾಕಿತ್ತು. ಅವತ್ತು ಮಂಗಳವಾರ. ನಮ್ಮಲ್ಲಿ ಸೋಮವಾರ, ಶನಿವಾರ ಮಾಂಸ ಮುಟ್ಟದವರಿದ್ದಾರೆ, ಇವರಿಗೆ ಮಂಗಳವಾರವೇನೋ ಅಂದುಕೊಂಡೆ. ಹಾಗೇನಿಲ್ಲ, ವಾರದ ರಜೆ ಅಷ್ಟೇ. ಮಾರನೇ ದಿನ ಸಂಜೆ ನಾಲ್ಕಕ್ಕೆ, ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ನಿಂತೆ.

ಬಾಗಿಲಿನ ಬಟ್ಟೆ ಸರಿಸಿ ಒಳಗೆ ಕಾಲಿಟ್ಟರೆ ಬೆಳ್ಳನೆಯ ಮರದ ಉದ್ದ ಕಟ್ಟೆ. ಅದು ಅಡುಗೆಮನೆಯನ್ನು ಸುತ್ತಿಕೊಂಡಿದೆ. ಅಡುಗೆಮನೆಗೆ ಗೋಡೆಯೇ ಇಲ್ಲ. ಕರಿಯುವವರು, ಕತ್ತರಿಸುವವರು, ಬಡಿಸುವವರು ಎಲ್ಲ ನಮ್ಮ ಕಣ್ಣೆದುರೇ. ವಯಸ್ಸಾದವರೊಬ್ಬರು ಬಂದು "ರೋಸು? ಹಿರೆ?" ಅಂತ ಕೇಳಿದರು. ರೋಸು ಅಂದರೆ ಕೊಬ್ಬಿನ ಅಂಚಿರುವ ತುಂಡು. ಹಿರೆ ಅಂದರೆ ಕೊಬ್ಬಿಲ್ಲದ ಮೆತ್ತನೆಯ ತುಂಡು. ಹಂದಿ ತಿನ್ನಲು ಬಂದು ಕೊಬ್ಬು ಬೇಡ ಅನ್ನುವವನಲ್ಲ ನಾನು. ರೋಸು ಅಂದೆ. ಆಮೇಲೆ ಗೋಡೆ ಪಕ್ಕದ ಬೆಂಚಿನಲ್ಲಿ ಕಾಯಬೇಕು. ಟೋಕನ್ ಇಲ್ಲ, ಯಾರು ಮೊದಲು ಬಂದರು, ಯಾರು ಏನು ಕೇಳಿದರು, ಎಲ್ಲ ಆ ಹಿರಿಯರ ತಲೆಯಲ್ಲೇ. ನಮ್ಮ ದರ್ಶಿನಿಗಳಲ್ಲಿ ಚೀಟಿ ಕೈಯಲ್ಲಿ ಹಿಡಿದು ಕೂಗಿದರೂ ನನ್ನ ಮಸಾಲೆ ದೋಸೆ ಪಕ್ಕದವರಿಗೆ ಹೋಗಿರುತ್ತದೆ. ಇರಲಿ.

ಕಾಯುವಾಗ ನೋಡುತ್ತಾ ಕೂತೆ. ಒಬ್ಬರು ಮಾಂಸವನ್ನು ಹಿಟ್ಟಿಗೆ, ಮೊಟ್ಟೆಗೆ, ಮತ್ತೆ ಹಿಟ್ಟಿಗೆ, ಮತ್ತೆ ಮೊಟ್ಟೆಗೆ ಅದ್ದುತ್ತಲೇ ಇದ್ದರು. ಅವಸರವೇ ಇಲ್ಲ. ಸಣ್ಣ ಉರಿಯಲ್ಲಿ ಸಾವಕಾಶವಾಗಿ ಕರಿಯುತ್ತಾರೆ. ಎಣ್ಣೆಯ ಸದ್ದು ಕೂಡ ಮೆಲ್ಲಗೆ, ಮಲೆನಾಡಿನ ಜಡಿಮಳೆಯ ಹಾಗೆ.

ಕೊನೆಗೂ ತಟ್ಟೆ ಬಂತು. ಹೊರಗೆ ಗರಿಗರಿ, ಒಳಗೆ ರಸ. ಅನ್ನ, ಹಂದಿಯ ತುಣುಕು ಹಾಕಿದ ಮಿಸೊ (ಹುದುಗು ಬರಿಸಿದ ಸೋಯಾ ಕಾಳಿನ ಮುದ್ದೆ) ಸಾರು, ಉಪ್ಪಿನಲ್ಲಿ ಹಾಕಿದ ತರಕಾರಿ. ತಟ್ಟೆಯಂಚಿಗೆ ಬಳಿದ ಹಳದಿ ಸಾಸಿವೆ. ಅದು ಮೂಗಿಗೇ ಹತ್ತುತ್ತದೆ, ಹುಷಾರು. ಕತ್ಸು ಪಕ್ಕದಲ್ಲಿ ಒಂದು ಗುಡ್ಡೆ ಎಲೆಕೋಸು. ಹಸಿಯದು, ದಾರದಷ್ಟು ಸಣ್ಣಗೆ ಹೆಚ್ಚಿದ್ದು.

ನಾನು ಕೋಸನ್ನು ಪಕ್ಕಕ್ಕೆ ತಳ್ಳಿದೆ. ನಮ್ಮ ಅಭ್ಯಾಸವೇ ಹಾಗಲ್ವಾ? ಬಿರಿಯಾನಿ ಜೊತೆ ಬರುವ ಒಣಗಿದ ಈರುಳ್ಳಿ ಚಕ್ರ, ಕಬಾಬಿನ ಕೆಳಗಿನ ಸೊರಗಿದ ಎಲೆ, ಇವನ್ನು ಯಾರು ತಿನ್ನುತ್ತಾರೆ? ನಾಲ್ಕು ತುಂಡು ಆಗುವಷ್ಟರಲ್ಲಿ ಕರಿದದ್ದರ ಜಿಡ್ಡು ಬಾಯಿ ಕಟ್ಟಿತು. ಸುಮ್ನೆ ಒಂದಿಷ್ಟು ಕೋಸು ಬಾಯಿಗೆ ಹಾಕಿಕೊಂಡೆ. ತಣ್ಣಗೆ, ನೀರು ನೀರಾಗಿ, ಸ್ವಲ್ಪ ಸಿಹಿಯಾಗಿ ಇತ್ತು. ಬಾಯಿ ತೊಳೆದ ಹಾಗಾಯಿತು. ಮುಂದಿನ ತುಂಡು ಮತ್ತೆ ಮೊದಲನೆಯದರ ಹಾಗೇ ರುಚಿಸಿತು. ಅಲ್ಲಿಂದ ಒಂದು ತುತ್ತು ಹಂದಿ, ಒಂದು ತುತ್ತು ಕೋಸು. ಗುಡ್ಡೆ ಖಾಲಿಯಾಗಿದ್ದೇ ತಡ, ಒಬ್ಬರು ಬಂದು ಕೇಳದೆಯೇ ಇನ್ನೊಂದು ಗುಡ್ಡೆ ಹಾಕಿ ಹೋದರು. ಬಿಲ್ಲಿಗೆ ಅದು ಸೇರುವುದೂ ಇಲ್ಲ.

ಈ ಕೋಸಿಗೂ ಒಂದು ಕಥೆ ಇದೆ. ಜಪಾನಿನಲ್ಲಿ ಮಾಂಸ ತಿನ್ನುವುದಕ್ಕೆ ಶತಮಾನಗಳ ಕಾಲ ಮಡಿ ಇತ್ತು. 675ರಲ್ಲೇ ತೆನ್ಮು ಚಕ್ರವರ್ತಿ ದನ, ಕುದುರೆ, ನಾಯಿ, ಕೋತಿ, ಕೋಳಿ ತಿನ್ನಬಾರದು ಅಂತ ಆಜ್ಞೆ ಹೊರಡಿಸಿದ್ದ. ಆ ಪಟ್ಟಿಯಲ್ಲಿ ಹಂದಿ ಇರಲಿಲ್ಲ ಅನ್ನುವುದು ಬೇರೆ ಮಾತು. 1872ರಲ್ಲಿ ಮೇಜಿ ಚಕ್ರವರ್ತಿ ತಾನು ದನದ ಮಾಂಸ ತಿಂದದ್ದನ್ನು ಊರಿಗೆಲ್ಲ ಗೊತ್ತುಮಾಡಿದ. ಅಲ್ಲಿಂದ ಪಾಶ್ಚಾತ್ಯ ಊಟದ ಹೋಟೆಲುಗಳು ಎದ್ದವು. ಟೋಕಿಯೊದ ಗಿಂಜಾದಲ್ಲಿ 1895ರಲ್ಲಿ ಶುರುವಾದ ರೆಂಗಾತೆ ಅಂಥದ್ದೊಂದು. ಬೆಣ್ಣೆಯಲ್ಲಿ ಹುರಿಯುವ ಫ್ರೆಂಚ್ ಕಟ್ಲೆಟ್ಟನ್ನು ಅವರು ತೆಂಪುರಾ, ಅಂದರೆ ಜಪಾನಿನ ಬಜ್ಜಿಯ ಹಾಗೆ ಎಣ್ಣೆಯಲ್ಲಿ ಮುಳುಗಿಸಿ ಕರಿದರು. ಹಂದಿಯದನ್ನು 1899ರಲ್ಲಿ ಪಟ್ಟಿಗೆ ಸೇರಿಸಿದರು. ಆಗ ಪಕ್ಕದಲ್ಲಿ ಇಡುತ್ತಿದ್ದದ್ದು ಬೇಯಿಸಿದ ತರಕಾರಿ. 1904ರಲ್ಲಿ ರಷ್ಯಾ ಜೊತೆ ಯುದ್ಧ ಬಂತು. ಹುಡುಗರೆಲ್ಲ ಸೈನ್ಯಕ್ಕೆ ಹೋದರು, ತರಕಾರಿ ಬೇಯಿಸಲು ಕೈ ಸಾಲಲಿಲ್ಲ. ಹಸಿ ಕೋಸು ಹೆಚ್ಚಿ ಇಟ್ಟರು. ಅದೇ ಉಳಿದುಕೊಂಡಿತು.

ಈಗ ಅದು 'ಸಾಂಪ್ರದಾಯಿಕ' ಊಟ. ಹೆಸರನ್ನೇ ಬಿಡಿಸಿ ನೋಡಿ. ತೊನ್ ಅಂದರೆ ಹಂದಿ. ಕತ್ಸು ಅಂದರೆ ಕತ್ಸುರೆತ್ಸು, ಅಂದರೆ ನಮ್ಮ ಕಟ್ಲೆಟ್ಟೇ. ಹಿರೆ ಬಂದದ್ದು ಫಿಲೆಯಿಂದ, ರೋಸು ರೋಸ್ಟ್‌ನಿಂದ. ಹೊರಗಿನ ಬ್ರೆಡ್ ತರಿಯ ಹೆಸರು ಪಾಂಕೊ. ಅದರ ಪಾನ್ ಪೋರ್ಚುಗೀಸರು ಕೊಟ್ಟ ಮಾತು. ಗೋವೆಯಲ್ಲಿ ಪಾವ್ ಆಗಿ, ವಡಾಪಾವ್‌ನಲ್ಲಿ ಕೂತಿರುವುದೂ ಅದೇ. ಮೇಲೆ ಹಾಕುವ ಕಪ್ಪು ಸಾಸ್ ಇಂಗ್ಲೆಂಡಿನ ವೋರ್ಸ್ಟರ್ ಸಾಸಿನ ಮೊಮ್ಮಗ. ಅಜ್ಜನ ಹೊಟ್ಟೆಯಲ್ಲಿ ಹುಣಸೆಹಣ್ಣೂ ಇದೆ! ಇಷ್ಟು ಜನರ ಕೈಯಿಂದ ಬಂದದ್ದನ್ನು ಅವರು ಪೂರ್ತಿ ತಮ್ಮದು ಮಾಡಿಕೊಂಡಿದ್ದಾರೆ. ಕತ್ಸು ಅಂದರೆ ಜಪಾನಿಯಲ್ಲಿ 'ಗೆಲ್ಲು' ಅಂತಲೂ ಅರ್ಥ ಬರುತ್ತದೆ. ಪರೀಕ್ಷೆಯ ಹಿಂದಿನ ದಿನ ಮಕ್ಕಳಿಗೆ ಕತ್ಸು ತಿನ್ನಿಸುತ್ತಾರೆ. ನಾವು ಮೊಸರು ಸಕ್ಕರೆ ಕೊಟ್ಟು ಕಳಿಸುವ ಹಾಗೆ.

ಅದೇ ಕಟ್ಲೆಟ್ ನಮ್ಮಲ್ಲಿಗೂ ಬಂತು. ಆಲೂಗಡ್ಡೆ, ಬೀಟ್‌ರೂಟ್ ಸೇರಿ ರೈಲಿನಲ್ಲಿ ಹತ್ತಿತು. ಅದು ತರಕಾರಿಯದಾಯಿತು ಅಂತ ನನ್ನ ತಕರಾರಲ್ಲ. ಅದೂ ನಮ್ಮದೇ, ಗೋಬಿ ಮಂಚೂರಿ ನಮ್ಮದಾದ ಹಾಗೆ. ತಕರಾರು ಇರುವುದು ತಟ್ಟೆಯ ಅಂಚಿನ ಬಗ್ಗೆ. ನೆಂಚಿಕೊಳ್ಳುವುದಕ್ಕೆ ನಮ್ಮಷ್ಟು ಬೆಲೆ ಕೊಟ್ಟವರು ಯಾರಿದ್ದರು? ಬಾಳೆ ಎಲೆಗೆ ಅನ್ನಕ್ಕಿಂತ ಮೊದಲು ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಬರಬೇಕು ಅಂದವರು ನಾವು. ಹೋಟೆಲಿಗೆ ಬಂದ ಕೂಡಲೇ ಅದನ್ನೆಲ್ಲ ಮರೆತುಬಿಟ್ಟೆವು. ಮದುವೆ ಊಟದಲ್ಲೂ ನೋಡಿ. ಹೋಳಿಗೆ ಬೇಡ ಬೇಡ ಅಂದರೂ ಬಡಿಸುತ್ತಾರೆ. ಕೋಸಂಬರಿ ಎರಡನೇ ಸಲ ಕೇಳಿದರೆ ಬಡಿಸುವವನು ಕಣ್ಣಿಗೇ ಬೀಳುವುದಿಲ್ಲ. ಇನ್ನು ಎಲೆಕೋಸು ಬೀದಿಯಲ್ಲಿ ಸಿಗುವುದು ಎಲ್ಲಿ? ಹೂಕೋಸಿನ ವೇಷ ಹಾಕಿ ಗೋಬಿ ಮಂಚೂರಿಯೊಳಗೆ.

"ಜಪಾನಿನವರ ಶಿಸ್ತೇ ಶಿಸ್ತು" ಅಂತ ಕಾಮೆಂಟ್ ಹಾಕಲು ಹೊರಟವರು ಸ್ವಲ್ಪ ನಿಲ್ಲಿ. ಅಲ್ಲೂ ಸಪ್ಪೆ ಊಟ ತಿಂದಿದ್ದೇನೆ. ಸ್ಟೇಷನ್ ಒಳಗಿನ ಒಂದು ಅಂಗಡಿಯ ಕತ್ಸು ರಟ್ಟಿನ ಹಾಗಿತ್ತು. ಅಂಥ ಕಡೆಯೂ ಕೋಸು ಮಾತ್ರ ತಾಜಾ ಇತ್ತು ಅನ್ನುವುದೇ ನನಗೆ ಆಶ್ಚರ್ಯ.

ಊರಿಗೆ ಬಂದ ಮೇಲೆ ಅಮ್ಮ ಹಂದಿ ಮಾಡಿದ್ದಳು. ನಾನು ಕೋಸು ತಂದು, ಅರ್ಧ ಗಂಟೆ ಕೂತು, ಆದಷ್ಟು ಸಣ್ಣಗೆ ಹೆಚ್ಚಿ ತಣ್ಣೀರಿನಲ್ಲಿ ಹಾಕಿಟ್ಟೆ. ದಾರ ಆಗಲಿಲ್ಲ, ಹಗ್ಗ ಆಯಿತು. ಆದರೂ ಸೋಸಿ ತಟ್ಟೆ ಪಕ್ಕಕ್ಕೆ ಇಟ್ಟೆ.

"ಇದೇನೋ ಇದು? ಹಸೀದು?"

"ಜಪಾನಲ್ಲಿ ಹಿಂಗೇ ತಿಂತಾರಮ್ಮ. ನೀನೂ ತಿಂದು ನೋಡು."

ಅಮ್ಮ ಒಂದು ಎಳೆ ಬಾಯಿಗೆ ಹಾಕಿಕೊಂಡು ದನದ ಹಾಗೆ ನಿಧಾನಕ್ಕೆ ಅಗಿದಳು. ಏನೂ ಹೇಳಲಿಲ್ಲ. ಪಾತ್ರೆ ಸಮೇತ ಒಳಗೆ ತೆಗೆದುಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ಸಾಸಿವೆ ಚಟಪಟ ಅಂದಿತು, ಕರಿಬೇವಿನ ಘಮ ಬಂತು. ಕಾಯಿತುರಿ ಉದುರಿಸಿ ತಂದು ತಟ್ಟೆಗೆ ಹಾಕಿದಳು.

"ಈಗ ತಿನ್ನು."