ಚೌಕಿಯಲ್ಲೇ ಬೆಳಗಾಯಿತು

ಕರಾವಳಿಯಲ್ಲಿ ‘ಇವತ್ತು ಆಟ ಉಂಟು’ ಎಂದರೆ ಯಕ್ಷಗಾನ ಎಂದರ್ಥ. ವೇಷ ರಂಗಸ್ಥಳಕ್ಕೆ ಬರುವ ಮುಂಚೆ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಬಣ್ಣ ಬರೆಯುವುದು, ಗೆಜ್ಜೆ ಕಟ್ಟುವುದು, ಕಿರೀಟ ಏರಿಸುವುದು ಎಂದು ಗಂಟೆಗಟ್ಟಲೆ ಕೆಲಸವಿರುತ್ತದೆ. ಕಂಪ್ಯೂಟರಿನ ಆಟಕ್ಕೂ ಚೌಕಿಯಿದೆ. ಆದರೆ ಇಲ್ಲಿ ಅನೇಕ ಸಲ ಚೌಕಿಯಲ್ಲೇ ಬೆಳಗಾಗಿಬಿಡುತ್ತದೆ. ಶುಕ್ರವಾರ ರಾತ್ರಿ ಒಂಬತ್ತಕ್ಕೆ ‘ಪ್ಲೇ’ ಒತ್ತಿದವರು ಹನ್ನೊಂದಕ್ಕೆ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಬದಲಿಸುತ್ತಿರುತ್ತಾರೆ, ಒಂದು ಗಂಟೆಗೆ ವಿಂಡೋಸಿನ ಒಳಲೆಕ್ಕದ ಪುಸ್ತಕವಾದ ರಿಜಿಸ್ಟ್ರಿಯಲ್ಲಿ ಕೈಯಾಡಿಸುತ್ತಿರುತ್ತಾರೆ, ಮೂರಕ್ಕೆ ವಿಂಡೋಸನ್ನೇ ಹೊಸದಾಗಿ ಹಾಕಲು ಪೆನ್‌ಡ್ರೈವ್ ಹುಡುಕುತ್ತಿರುತ್ತಾರೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತುವುದು ಎಂದರೆ ಇದೇ. ದೋಷ ಇದ್ದದ್ದು ಬಹುಮಟ್ಟಿಗೆ ಒಂದು ತೂತಿನಲ್ಲೋ, ಒಂದು ಕೀಲಿಯಲ್ಲೋ, ಒಂದು ಅಕ್ಷರದಲ್ಲೋ.

ತೂತಿನಿಂದಲೇ ಶುರು ಮಾಡೋಣ. ಆಟದ ಚಿತ್ರ ಮೂಡಿಸಲೆಂದು ಐವತ್ತು ಸಾವಿರದ ಗ್ರಾಫಿಕ್ಸ್ ಕಾರ್ಡ್ ತಂದು ಕೂರಿಸಿ, ಮಾನಿಟರಿನ ಕೇಬಲನ್ನು ಮದರ್‌ಬೋರ್ಡಿಗೆ ಚುಚ್ಚುವುದು ಈ ಲೋಕದ ಹಳೆಯ ಸಂಪ್ರದಾಯ. ಡಬ್ಬದ ಹಿಂಬದಿ ನೋಡಿ: ಮೇಲೆ, ಯುಎಸ್‌ಬಿ ಕಿಂಡಿಗಳ ಸಾಲಿನಲ್ಲಿರುವುದು ಮದರ್‌ಬೋರ್ಡಿನ ಎಚ್‌ಡಿಎಂಐ, ಕೆಳಗೆ ಅಡ್ಡಡ್ಡ ಸಾಲಾಗಿರುವುದು ಕಾರ್ಡಿನದು. ಐ5-12400ಎಫ್ ತರಹ ಹೆಸರಿನ ಬಾಲದಲ್ಲಿ ‘ಎಫ್’ ಇರುವ ಪ್ರೊಸೆಸರ್ ಕೊಂಡವರು ಪುಣ್ಯವಂತರು. ಅದರೊಳಗೆ ಗ್ರಾಫಿಕ್ಸ್ ಇಲ್ಲ, ತಪ್ಪು ತೂತಿಗೆ ಚುಚ್ಚಿದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ, ತಪ್ಪು ಆ ಕ್ಷಣವೇ ತಿಳಿಯುತ್ತದೆ. ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರಿನವರ ಗೋಳು ಕೇಳಬೇಡಿ. ಚಿತ್ರ ಬರುತ್ತದೆ, ಆಟವೂ ತೆವಳುತ್ತದೆ, ಕಾರ್ಡಿನ ಫ್ಯಾನ್ ಮಾತ್ರ ಮಿಸುಕುವುದಿಲ್ಲ. ‘ಎಷ್ಟು ತಣ್ಣಗಿದೆ ನೋಡಿ’ ಎಂಬ ಹೆಮ್ಮೆ ಬೇರೆ.

ಇದರ ಒಡಹುಟ್ಟು 144 ಹರ್ಟ್ಸ್ ಮಾನಿಟರ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವಂಥದ್ದು) ತಂದು ವರ್ಷಗಟ್ಟಲೆ 60ರಲ್ಲೇ ನೋಡುವುದು. ವಿಂಡೋಸ್ ತಾನಾಗಿ ಏರಿಸುತ್ತದೆ ಎಂದು ನಂಬಬೇಡಿ. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್‌ಡ್ ಡಿಸ್‌ಪ್ಲೇಗೆ ಹೋಗಿ ಕೈಯಾರೆ 144 ಆರಿಸಬೇಕು. ಚಿತ್ರ ಬದಲಾಗುವ ಅಂತರ 16.7 ಮಿಲಿಸೆಕೆಂಡಿನಿಂದ 6.9ಕ್ಕೆ ಇಳಿಯುತ್ತದೆ, ಮೌಸ್ ಅಲ್ಲಾಡಿಸಿದರೇ ಗೊತ್ತಾಗುತ್ತದೆ. ರ‍್ಯಾಮಿನದೂ ಇದೇ ಪಾಡು. ನಾಲ್ಕು ಗೂಡಿನ ಮದರ್‌ಬೋರ್ಡಿಗೆ ಎರಡು ಕಡ್ಡಿಗಳಿದ್ದರೆ ಪ್ರೊಸೆಸರಿನ ಪಕ್ಕದಿಂದ ಎಣಿಸಿ ಎರಡು ಮತ್ತು ನಾಲ್ಕನೇ ಗೂಡಿಗೆ ಹಾಕಬೇಕು. ಒತ್ತೊತ್ತಾಗಿ ಹಾಕಿದರೆ ಸಾಮಾನ್ಯ ಮದರ್‌ಬೋರ್ಡಿನಲ್ಲಿ ಎರಡೂ ಒಂದೇ ಚಾನೆಲ್ಲಿಗೆ ಬಿದ್ದು ಎರಡು ದಾರಿಯಲ್ಲಿ ಒಟ್ಟಿಗೆ ಓಡುವ ಡ್ಯುಯಲ್ ಚಾನೆಲ್ ತಪ್ಪುತ್ತದೆ. ಬಯೋಸಿನಲ್ಲಿ (ಕಂಪ್ಯೂಟರ್ ಏಳುವಾಗಲೇ ತೆರೆಯುವ ಸೆಟ್ಟಿಂಗಿನ ಪುಟದಲ್ಲಿ) ಕಡ್ಡಿಯನ್ನು ಪೂರ್ಣ ವೇಗಕ್ಕೆ ಏರಿಸುವ ಎಕ್ಸ್‌ಎಂಪಿ ಆನ್ ಮಾಡದಿದ್ದರೆ 3200 ಎಂದು ಬರೆದಿರುವ ಡಿಡಿಆರ್4 ಕಡ್ಡಿ 2133ರಲ್ಲೋ 2400ರಲ್ಲೋ ಆರಾಮವಾಗಿ ಕಾಲು ಚಾಚಿರಬಹುದು. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ‘ಸ್ಪೀಡ್’ ನೋಡಿದರೆ ಕಳ್ಳ ಸಿಕ್ಕಿಬೀಳುತ್ತಾನೆ.

ಇನ್ನು ಕೀಲಿ. ಇಲ್ಲಿ ಕನ್ನಡಿಗರಿಗೆಂದೇ ಮೀಸಲಾದ ಒಂದು ಫಜೀತಿಯಿದೆ. ವಿಂಡೋಸಿಗೆ ಕನ್ನಡ ಕೀಲಿಮಣೆ ಸೇರಿಸಿದ್ದೀರಿ ಎನ್ನಿ. ಎಡಗಡೆಯ ಆಲ್ಟ್ ಮತ್ತು ಶಿಫ್ಟ್ ಒಟ್ಟಿಗೆ ಒತ್ತಿದರೆ ಭಾಷೆ ಬದಲಾಗುತ್ತದೆ. ಪಬ್‌ಜಿಯಲ್ಲಿ ಶಿಫ್ಟ್ ಎಂದರೆ ಓಟ, ಆಲ್ಟ್ ಎಂದರೆ ಓಡುತ್ತಲೇ ಹಿಂದೆ ತಿರುಗಿ ನೋಡುವುದು. ಬೆನ್ನಟ್ಟಿದವನನ್ನು ನೋಡೋಣವೆಂದು ಆಲ್ಟ್ ಒತ್ತಿದ ಗಳಿಗೆಯಲ್ಲಿ ಕೀಲಿಮಣೆ ಕನ್ನಡಕ್ಕೆ ತಿರುಗಿಬಿಡಬಹುದು. ಕೀಲಿಯ ಜಾಗವನ್ನು ಓದುವ ಆಟಗಳಲ್ಲಿ ನಡಿಗೆಗೆ ತೊಂದರೆಯಿಲ್ಲ, ಅಕ್ಷರವನ್ನು ಓದುವ ಆಟಗಳಲ್ಲಿ ನಾಯಕ ಕಂಬವಾಗುತ್ತಾನೆ. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಡಬ್ಲ್ಯೂ, ಎ, ಎಸ್, ಡಿ ಎಂಬ ನಾಲ್ಕು ನಡಿಗೆಯ ಕೀಲಿಗಳು ಕ್ರಮವಾಗಿ ಐತ್ವ, ಓತ್ವ, ಏತ್ವ ಮತ್ತು ಹಲಂತ. ನಾಲ್ಕರಲ್ಲಿ ಒಂದೂ ವ್ಯಂಜನವಿಲ್ಲ! ಗ್ರೆನೇಡ್ ಎಸೆಯಲು ‘ಜಿ’ ಒತ್ತಿದರೆ ಕೊಂಬು. ಆಸರೆಗೆ ಒಂದು ‘ಕ’ ಕೂಡ ಇಲ್ಲದ ಏತ್ವ–ಓತ್ವಗಳು ಚಾಟ್ ಪೆಟ್ಟಿಗೆಯಲ್ಲಿ ಚುಕ್ಕಿವೃತ್ತ ಹೊತ್ತು ಸಾಲುಗಟ್ಟುವಾಗ ಎದುರಾಳಿ ಕೆಲಸ ಮುಗಿಸಿರುತ್ತಾನೆ. ಪರಿಹಾರ: ಸೆಟ್ಟಿಂಗ್ಸಿನಲ್ಲಿ ಟೈಮ್ ಅಂಡ್ ಲ್ಯಾಂಗ್ವೇಜ್, ಟೈಪಿಂಗ್, ಅಡ್ವಾನ್ಸ್‌ಡ್ ಕೀಬೋರ್ಡ್ ಸೆಟ್ಟಿಂಗ್ಸ್, ಇನ್‌ಪುಟ್ ಲ್ಯಾಂಗ್ವೇಜ್ ಹಾಟ್ ಕೀಸ್. ಅಲ್ಲಿ ಭಾಷೆ ಬದಲಿಸುವ ಕೀಲಿಜೋಡಿಗೆ ‘ನಾಟ್ ಅಸೈನ್‌ಡ್’ ಕೊಡಿ. ವಿಂಡೋಸ್ ಕೀಲಿ ಮತ್ತು ಸ್ಪೇಸ್‌ಬಾರ್ ಜೋಡಿ ಹೇಗೂ ಉಳಿದಿರುತ್ತದೆ, ಕನ್ನಡ ಎಲ್ಲಿಗೂ ಹೋಗುವುದಿಲ್ಲ. ಅಲ್ಲಿಗೆ ಹೋದವರು ಆಕ್ಸೆಸಿಬಿಲಿಟಿಯಲ್ಲಿ ಸ್ಟಿಕಿ ಕೀಸ್ ಶಾರ್ಟ್‌ಕಟ್ಟನ್ನೂ ಆಫ್ ಮಾಡಿ ಬನ್ನಿ. ಐದು ಸಲ ಶಿಫ್ಟ್ ಒತ್ತಿದರೆ ಅದು ‘ಏನಾದರೂ ಸಹಾಯ ಬೇಕೇ’ ಎಂದು ಯುದ್ಧಭೂಮಿಯ ನಡುವೆ ಬಂದು ನಿಲ್ಲುತ್ತದೆ.

ಭಾಷಾಭಿಮಾನದ ಇನ್ನೊಂದು ಬೆಲೆ ಬಳಕೆದಾರನ ಹೆಸರಿನಲ್ಲಿದೆ. ವಿಂಡೋಸ್ ಹಾಕುವಾಗ ಹೆಸರನ್ನು ಕನ್ನಡ ಲಿಪಿಯಲ್ಲಿ ಕೊಟ್ಟರೆ ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನೊಳಗೆ ನಿಮ್ಮ ಕೋಣೆಗೂ ಕನ್ನಡದ ಫಲಕವೇ ಬೀಳಬಹುದು. ನೋಡಲು ಸೊಗಸು. ಆದರೆ ಹಳೆಯ ಆಟಗಳಲ್ಲಿ ಕೆಲವಕ್ಕೆ ಇಂಗ್ಲಿಷ್ ಅಕ್ಷರ ಬಿಟ್ಟರೆ ಬೇರೇನೂ ಓದಲು ಬಾರದು. ಸೇವ್ ಮಾಡಲಾಗದೆ, ಕಾರಣವನ್ನೂ ಹೇಳದೆ, ಮುಚ್ಚಿಕೊಳ್ಳುತ್ತವೆ. ಸೆಟ್ಟಿಂಗ್ಸಿನಲ್ಲಿ ಹೆಸರು ಬದಲಿಸಿದರೆ ಫಲಕ ಬದಲಾಗುವುದಿಲ್ಲ. ಇಂಗ್ಲಿಷ್ ಅಕ್ಷರದ ಹೊಸ ಖಾತೆಯನ್ನೇ ತೆರೆಯಬೇಕು. ತಪ್ಪು ಆಟ ಬರೆದವರದು, ದಂಡ ನಮ್ಮದು.

ಡಿಎಲ್‌ಎಲ್ (ಆಟಕ್ಕೆ ಬೇಕಾದ ನೆರವಿನ ಕಡತ) ಕಾಣೆಯಾಗಿದೆ ಎಂಬ ಸಂದೇಶಕ್ಕೆ ಹೆಚ್ಚು ಮಾತು ಬೇಡ. ‘ಎಂಎಸ್‌ವಿಸಿಪಿ140’ ಇಲ್ಲ ಎಂದರೆ ಮೈಕ್ರೋಸಾಫ್ಟಿನ ವಿಷುಯಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಹಾಕಿ. ‘ಡಿ3ಡಿಎಕ್ಸ್9_43’ ಇಲ್ಲ ಎಂದರೆ 2010ರ ಜೂನ್ ಆವೃತ್ತಿಯ ಡೈರೆಕ್ಟ್‌ಎಕ್ಸ್ ರನ್‌ಟೈಮ್ ಹಾಕಿ. ‘ನನ್ನ ವಿಂಡೋಸಿನಲ್ಲಿ ಡೈರೆಕ್ಟ್‌ಎಕ್ಸ್ 12 ಇದೆಯಲ್ಲ’ ಎಂಬ ವಾದ ನಡೆಯದು, ಆ ಹಳೆಯ ಕಡತಗಳು ಅದರ ಜೊತೆ ಬರುವುದಿಲ್ಲ. ಡಿಎಲ್‌ಎಲ್‌ಗಳನ್ನು ಬಿಡಿಬಿಡಿಯಾಗಿ ಹಂಚುವ ತಾಣಗಳಿಂದ ಇಳಿಸಿಕೊಳ್ಳುವುದು, ಬಸ್‌ಸ್ಟ್ಯಾಂಡಿನಲ್ಲಿ ಅಪರಿಚಿತ ಕೊಟ್ಟ ಬಿಸ್ಕತ್ತು ತಿಂದಂತೆ.

ಈಗ ನಿಜವಾದ ಚೌಕಿಗೆ ಬರೋಣ. ಹೊಸ ಆಟಗಳು ಶುರುವಿನಲ್ಲಿ ‘ಕಂಪೈಲಿಂಗ್ ಶೇಡರ್ಸ್’ ಎಂದು ನಿಧಾನಕ್ಕೆ ತುಂಬುವ ಒಂದು ಪಟ್ಟಿ ತೋರಿಸುತ್ತವಲ್ಲ, ಅದೇ ಬಣ್ಣ ಬರೆಯುವ ಕೆಲಸ. ನೀರು ಹೇಗೆ ಹೊಳೆಯಬೇಕು, ಹೊಗೆ ಹೇಗೆ ಕದಡಬೇಕು ಎಂದು ಹೇಳುವ ಪುಟ್ಟ ಪ್ರೋಗ್ರಾಮುಗಳು ಶೇಡರುಗಳು. ಪ್ಲೇಸ್ಟೇಷನ್ನಿನಲ್ಲಿ ಯಂತ್ರ ಒಂದೇ ಬಗೆಯದಾದ್ದರಿಂದ ಇವನ್ನು ಮೊದಲೇ ಸಿದ್ಧಪಡಿಸಿ ಕಳಿಸುತ್ತಾರೆ. ಪಿಸಿಯಲ್ಲಿ ಕಾರ್ಡು ನೂರು ಥರ, ಡ್ರೈವರ್ ಇನ್ನೂರು ಥರ. ಪ್ರತಿ ಮನೆಯಲ್ಲೂ ಹೊಸದಾಗಿ ಬಣ್ಣ ಕಲಸಬೇಕು. ಚೌಕಿಯಲ್ಲಿ ಮುಗಿಸದಿದ್ದರೆ ವೇಷಧಾರಿ ರಂಗದ ಮೇಲೇ ಕನ್ನಡಿ ಹಿಡಿದು ನಿಲ್ಲುತ್ತಾನೆ: ಮೊದಲ ಸಲ ಬೆಂಕಿ ಹೊತ್ತಿದಾಗ, ಮೊದಲ ಸಲ ಬಾಗಿಲು ತೆರೆದಾಗ ಆಟ ಅರೆಗಳಿಗೆ ಬಿಕ್ಕುತ್ತದೆ. ಅನ್‌ರಿಯಲ್ ಎಂಜಿನ್ನಿನ ಎಷ್ಟೋ ಆಟಗಳಿಗೆ ಅಂಟಿದ ಬಿಕ್ಕಳಿಕೆ ಇದು. ಎಂಥ ಕಾರ್ಡ್ ತಂದರೂ ಹೋಗದು. ಆದ್ದರಿಂದ ಆ ಪಟ್ಟಿಯನ್ನು ‘ಸ್ಕಿಪ್’ ಮಾಡಬೇಡಿ. ಡ್ರೈವರ್ ಬದಲಿಸಿದರೆ ಹಳೆಯ ಬಣ್ಣವೆಲ್ಲ ತೊಳೆದುಹೋಗಿ ಮತ್ತೆ ಮೊದಲಿನಿಂದ. ಹಾಗಾಗಿ ಆಟ ಸರಿಯಾಗಿ ಓಡುತ್ತಿರುವಾಗ ಸುಮ್ಮನೆ ಡ್ರೈವರ್ ಅಪ್‌ಡೇಟ್ ಮಾಡುವ ಚಪಲ ಬೇಡ. ಎನ್ವಿಡಿಯಾ ಕಾರ್ಡಿನವರಾದರೆ ಕಂಟ್ರೋಲ್ ಪ್ಯಾನೆಲಿನಲ್ಲಿ ಶೇಡರ್ ಕ್ಯಾಶ್ (ಸಿದ್ಧವಾದ ಶೇಡರುಗಳನ್ನು ಕೂಡಿಡುವ ಜಾಗ) ಅಳತೆಯನ್ನು 10 ಜಿಬಿಗೆ ಏರಿಸಿ, ಒಂದು ಆಟದ ಬಣ್ಣ ಇನ್ನೊಂದನ್ನು ಅಳಿಸುವುದು ತಪ್ಪುತ್ತದೆ.

ಇಲ್ಲೊಂದು ತಮಾಷೆಯಿದೆ. ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಕೊಂಡ ಆಟ ಹಿಡಿಸದಿದ್ದರೆ 14 ದಿನದೊಳಗೆ, ಆಡಿದ್ದು 2 ಗಂಟೆ ಮೀರದಿದ್ದರೆ, ಹಣ ವಾಪಸ್. ಗಡಿಯಾರಕ್ಕೆ ಆಟ ತೆರೆದಿದೆಯೇ ಎಂಬುದಷ್ಟೇ ಗೊತ್ತು, ಆಡುತ್ತಿದ್ದೀರೋ ಕಾಯುತ್ತಿದ್ದೀರೋ ತಿಳಿಯದು. 2023ರ ಮಾರ್ಚಿನಲ್ಲಿ ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 1’ ಪಿಸಿಗೆ ಬಂದಾಗ ಕೆಲವು ಯಂತ್ರಗಳಲ್ಲಿ ಶೇಡರ್ ಕೆಲಸವೇ ಒಂದು ಗಂಟೆ ದಾಟಿತು. ಪೀಠಿಕೆಗೇ ಅರ್ಧ ಅವಧಿ ಖರ್ಚು.

ಗ್ರಾಫಿಕ್ಸ್ ಸೆಟ್ಟಿಂಗುಗಳ ಬಗ್ಗೆ ಒಂದು ಪಕ್ಷಪಾತದ ಮಾತು. ‘ಅಲ್ಟ್ರಾ’ ಎಂಬುದು ಇತರರಿಗೆ ತೋರಿಸಲು ಇರುವ ಸೆಟ್ಟಿಂಗು. ನೆರಳು, ಹೊಗೆಮೋಡ, ಪ್ರತಿಬಿಂಬ, ಈ ಮೂರನ್ನು ಒಂದು ಮೆಟ್ಟಿಲು ಇಳಿಸಿದರೆ ಫ್ರೇಮುಗಳು (ಸೆಕೆಂಡಿಗೆ ಮೂಡುವ ಚಿತ್ರಗಳು) ಏರುತ್ತವೆ, ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ಜನ ಮಾತ್ರ ಮೊದಲು ಟೆಕ್ಸ್ಚರ್ (ವಸ್ತುಗಳ ಮೇಲ್ಮೈಯ ಚಿತ್ತಾರ) ಇಳಿಸಿ ಗೋಡೆಗಳನ್ನೆಲ್ಲ ಉಪ್ಪಿಟ್ಟಿನ ಹಾಗೆ ಮಾಡಿಕೊಳ್ಳುತ್ತಾರೆ. ಟೆಕ್ಸ್ಚರ್ ತಿನ್ನುವುದು ಕಾರ್ಡಿನ ಮೆಮೊರಿಯನ್ನು. ಅದು ಸಾಕಷ್ಟಿದ್ದರೆ ವೇಗಕ್ಕೆ ಪೆಟ್ಟಿಲ್ಲ. ಸಾಲದಿದ್ದರೆ, 8 ಜಿಬಿ ಕಾರ್ಡಿನಲ್ಲಿ ಈಗೀಗ ಆಗುವಂತೆ, ಉಕ್ಕಿದ್ದೆಲ್ಲ ಮುಖ್ಯ ರ‍್ಯಾಮಿಗೆ ಹರಿದು ಆಟ ಕುಂಟುತ್ತದೆ. ಆಗ ಮಾತ್ರ ಇಳಿಸಿ. ಚಲನೆಯಲ್ಲಿ ಚಿತ್ರವನ್ನು ಮಸುಕಾಗಿಸುವ ಮೋಷನ್ ಬ್ಲರನ್ನು ಯಾವ ಕಾರಣಕ್ಕೂ ಉಳಿಸಬೇಡಿ, ಅದು ಕನ್ನಡಕಕ್ಕೆ ಎಣ್ಣೆ ಸವರಿದಂತೆ. ‘ಗೇಮ್ ಬೂಸ್ಟರ್’, ‘ರ‍್ಯಾಮ್ ಕ್ಲೀನರ್’ಗಳು ಹೆಚ್ಚಿಸುವುದು ಟಾಸ್ಕ್‌ಬಾರಿನ ಐಕಾನುಗಳನ್ನಷ್ಟೇ. ರಿವಾ ಟ್ಯೂನರ್ ಸ್ಟ್ಯಾಟಿಸ್ಟಿಕ್ಸ್ ಸರ್ವರ್ ಎಂಬ ತಂತ್ರಾಂಶ ಇಟ್ಟುಕೊಳ್ಳಿ, ಫ್ರೇಮಿಗೆ ಕಡಿವಾಣ ಹಾಕಲು ಅದಕ್ಕಿಂತ ನೆಟ್ಟಗಿನದು ಇಲ್ಲ.

ಕರೆಂಟಿನ ವಿಷಯ ಬಂದರೆ ಎಲ್ಲ ಸೆಟ್ಟಿಂಗೂ ಮೌನ. ಸಾಮಾನ್ಯ 600 ವಿಎ ಯುಪಿಎಸ್ ಕೊಡಬಲ್ಲದ್ದು ಸುಮಾರು 360 ವ್ಯಾಟ್. ಟೈಪಿಂಗ್ ಮಾಡುವಾಗ ಅದು ಧಾರಾಳ. ಆಟ ಓಡುವಾಗ ಮಧ್ಯಮ ದರ್ಜೆಯ ಪಿಸಿ ಮತ್ತು ಮಾನಿಟರ್ ಸೇರಿ ಅಷ್ಟನ್ನೂ ಬೇಡಬಹುದು, ಆಗ ಯುಪಿಎಸ್ ಒಮ್ಮೆ ‘ಕುಂಯ್’ ಎಂದು ತಾನೇ ಮೊದಲು ಮಲಗುತ್ತದೆ. ಮನೆಯ ಇನ್ವರ್ಟರಿನ ಹಿಂದೆ ‘ಯುಪಿಎಸ್’ ಮತ್ತು ‘ನಾರ್ಮಲ್’ ಎಂಬ ಗುಂಡಿ ಇದೆಯೇ ನೋಡಿ. ನಾರ್ಮಲ್‌ನಲ್ಲಿ ಅದು ಬ್ಯಾಟರಿಗೆ ಹೊರಳುವಷ್ಟರಲ್ಲಿ ಫ್ಯಾನು ತಿರುಗುತ್ತಲೇ ಇರುತ್ತದೆ, ಕಂಪ್ಯೂಟರು ಮಾತ್ರ ಇನ್ನೊಂದು ಜನ್ಮ ಎತ್ತಿರುತ್ತದೆ. ‘ಈ ಚಿಹ್ನೆ ತಿರುಗುವಾಗ ಯಂತ್ರ ಆಫ್ ಮಾಡಬೇಡಿ’ ಎಂದು ಪ್ರತಿ ಆಟವೂ ವಿನಂತಿಸುತ್ತದೆ, ಆ ವಿನಂತಿ ತಲುಪಬೇಕಾದದ್ದು ಸಬ್‌ಸ್ಟೇಷನ್ನಿಗೆ.

ಕರೆಂಟಿದ್ದೂ ಸೇವ್ ಹಾಳಾದ ಉದಾಹರಣೆಯೂ ಇದೆ. 2020ರ ಡಿಸೆಂಬರಿನಲ್ಲಿ ಬಂದ ‘ಸೈಬರ್‌ಪಂಕ್ 2077’ರಲ್ಲಿ ಸೇವ್ ಕಡತ 8 ಎಂಬಿ ದಾಟಿದರೆ ಕೆಟ್ಟುಹೋಗುತ್ತಿತ್ತು. ಇಷ್ಟು ದೊಡ್ಡ ನಗರ ಕಟ್ಟಿದವರು ಮೊದಲು ಕೊಟ್ಟ ಸಲಹೆ, ‘ಸಾಮಾನು ಕಡಿಮೆ ಹೊತ್ತುಕೊಳ್ಳಿ’. ಆ ತಿಂಗಳಲ್ಲೇ 1.06 ತೇಪೆ (ಪ್ಯಾಚ್) ಬಂದು ಮಿತಿ ಹೋಯಿತು, ಕೆಟ್ಟವು ಕೆಟ್ಟೇ ಉಳಿದವು. ಸಿ ಡ್ರೈವ್ ಫಾರ್ಮ್ಯಾಟ್ ಮಾಡುವ ಮುಂಚೆ ಡಾಕ್ಯುಮೆಂಟ್ಸಿನ ಮೈ ಗೇಮ್ಸ್, ಸೇವ್‌ಡ್ ಗೇಮ್ಸ್, ಆಪ್‌ಡೇಟಾ ಮೂರನ್ನೂ ಜಾಲಾಡಿ. ಯಾವ ಆಟ ಎಲ್ಲಿ ಬಚ್ಚಿಡುತ್ತದೆ ಎಂದು ಪಿಸಿಗೇಮಿಂಗ್‌ವಿಕಿ ಹೇಳುತ್ತದೆ. ಲುಡುಸಾವಿ ಎಂಬ ಉಚಿತ ತಂತ್ರಾಂಶ ತಾನೇ ಹುಡುಕಿ ನಕಲು ತೆಗೆದಿಡುತ್ತದೆ.

ಇನ್ನು ಅಕ್ಷರ. ನಾವು ತೂತು ತಪ್ಪಿದರೆ ಒಂದು ಮನೆ ಕೆಡುತ್ತದೆ, ಆಟ ಬರೆಯುವವರು ಅಕ್ಷರ ತಪ್ಪಿದರೆ ಊರೇ ಕೆಡುತ್ತದೆ. 2013ರ ‘ಏಲಿಯನ್ಸ್: ಕಲೋನಿಯಲ್ ಮರೀನ್ಸ್’ನಲ್ಲಿ ರಾಕ್ಷಸಜೀವಿಗಳು ಎದುರಿಗೇ ಪೆದ್ದುಪೆದ್ದಾಗಿ ಓಡಿಬಂದು ಸಾಯುತ್ತಿದ್ದವು. ಸೆಟ್ಟಿಂಗಿನ ಕಡತದಲ್ಲಿ ‘ಟೆದರ್’ (tether) ಎಂಬುದರ ಕಾಗುಣಿತಕ್ಕೆ ಒಂದು ‘ಎ’ (a) ಹೆಚ್ಚಾಗಿತ್ತು. ಅದನ್ನು ಅಳಿಸಿದರೆ ಅವುಗಳ ಬುದ್ಧಿ ಸುಧಾರಿಸುತ್ತದೆ ಎಂಬುದು 2018ರಲ್ಲಿ ಊರಿಗೆಲ್ಲ ತಿಳಿಯಿತು. ‘ಈವ್ ಆನ್‌ಲೈನ್’ನ 2007ರ ಡಿಸೆಂಬರಿನ ತೇಪೆಯದು ಇನ್ನೂ ಘೋರ. ಆಟದೊಳಗೆ ‘ಬೂಟ್.ಐಎನ್‌ಐ’ ಎಂಬ ಕಡತವಿತ್ತು, ಅದನ್ನು ತೆಗೆಯಬೇಕಿತ್ತು. ವಿಳಾಸ ತಪ್ಪಿ, ವಿಂಡೋಸ್ ಎಕ್ಸ್‌ಪಿ ಎದ್ದೇಳಲು ನೋಡುವ ಅದೇ ಹೆಸರಿನ ಕಡತ ಹಾರಿಹೋಯಿತು. ಆಟ ಅಪ್‌ಡೇಟ್ ಆಯಿತು, ಕೆಲವರ ಕಂಪ್ಯೂಟರ್ ಏಳಲಿಲ್ಲ. ‘ಜಿಟಿಎ ಆನ್‌ಲೈನ್’ ತೆರೆಯಲು ಆರು ನಿಮಿಷ ಹಿಡಿಯುತ್ತಿದ್ದುದನ್ನು ಜನ ವರ್ಷಗಟ್ಟಲೆ ಸಹಿಸಿಕೊಂಡಿದ್ದರು. 2021ರಲ್ಲಿ ಹೊರಗಿನ ಪ್ರೋಗ್ರಾಮರ್ ಒಬ್ಬರು ಬಿಚ್ಚಿ ನೋಡಿದರೆ, ಸುಮಾರು 63,000 ಸಾಮಾನುಗಳಿದ್ದ 10 ಎಂಬಿ ಪಟ್ಟಿಯನ್ನು ಓದುವಾಗ ಒಂದೊಂದು ತುಣುಕಿಗೂ ಉಳಿದ ಪಟ್ಟಿಯ ಉದ್ದವನ್ನು ಕೊನೆಯವರೆಗೆ ಅಳೆಯಲಾಗುತ್ತಿತ್ತು. ಜಪಮಾಲೆಯ ಮಣಿಯೊಂದನ್ನು ಸರಿಸುವ ಮುನ್ನ ಪ್ರತಿಸಲವೂ ಉಳಿದ ಮಣಿಗಳನ್ನೆಲ್ಲ ಎಣಿಸಿದ ಹಾಗೆ. ತಿದ್ದಿದ ಮೇಲೆ ಎರಡು ನಿಮಿಷದೊಳಗೆ ತೆರೆಯಿತು, ಹುಡುಕಿದವರಿಗೆ 10,000 ಡಾಲರ್ ಬಹುಮಾನ ಸಿಕ್ಕಿತು.

ಇಷ್ಟೆಲ್ಲ ದಾಟಿ, ಬೇಸತ್ತು, ‘ಹಳೆಯದೇ ಸುಖ’ ಎಂದು 2005ರ ‘ಜಿಟಿಎ ಸ್ಯಾನ್ ಆಂಡ್ರಿಯಾಸ್’ ತೆರೆಯುವವರು ಉಂಟು. ಶೇಡರ್ ಪಟ್ಟಿಯಿಲ್ಲ, ಕ್ಷಣದಲ್ಲಿ ಆಟ ಶುರು. ಹೊಸ ಕಾರ್ಡಿನ ಶಕ್ತಿ ನೋಡೋಣವೆಂದು ಫ್ರೇಮ್ ಲಿಮಿಟರ್ ಆಫ್ ಮಾಡುತ್ತಾರೆ, ಫ್ರೇಮು ನೂರಾರು ದಾಟುತ್ತದೆ. ನಾಯಕ ಸಮುದ್ರಕ್ಕೆ ಹಾರುತ್ತಾನೆ, ಕೈಕಾಲು ಬಡಿಯುತ್ತಾನೆ, ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತಾನೆ. ಆ ಆಟದ ಈಜು ಫ್ರೇಮಿನ ಲೆಕ್ಕಕ್ಕೆ ಕಟ್ಟುಬಿದ್ದಿದೆ. ಯಂತ್ರ ವೇಗವಾದಷ್ಟೂ ಈಜು ನಿಧಾನ. ಡಿಸ್‌ಪ್ಲೇ ಸೆಟಪ್ಪಿಗೆ ಹೋಗಿ ಲಿಮಿಟರ್ ಮತ್ತೆ ಆನ್ ಮಾಡಿ. ಐವತ್ತು ಸಾವಿರದ ಕಾರ್ಡು ಸೆಕೆಂಡಿಗೆ ಸುಮಾರು 25 ಫ್ರೇಮಿಗೆ ಇಳಿಯುತ್ತದೆ, ಅವನು ದಡ ಸೇರುತ್ತಾನೆ.